ಬಂಜೆ ಎಂಬ ಪದಕ್ಕೆ ಪುಲ್ಲಿಂಗ ಯಾವುದು?

ಶಾಲೆಯಲ್ಲಿ 'ಲಿಂಗ ಬದಲಿಸಿ ಬರೆಯಿರಿ' ಅಂತ ಒಂದು ಪ್ರಶ್ನೆ ಇರ್ತಿತ್ತು, ನೆನಪಿದೆಯಾ? ಅರಸ-ಅರಸಿ, ಒಡೆಯ-ಒಡತಿ, ಕವಿ-ಕವಯಿತ್ರಿ. ಆ ಪಟ್ಟಿಯಲ್ಲಿ 'ಬಂಜೆ' ಇರುತ್ತಿರಲಿಲ್ಲ. ಇದ್ದಿದ್ದರೆ ಎದುರಿಗೆ ಏನು ಬರೀತಿದ್ದೆವು? ಷಂಡ, ನಪುಂಸಕ ಎಂಬ ಮಾತುಗಳು ಬಾಯಿಗೆ ಬರಬಹುದು. ಆದರೆ ಅವು ಬೈಗುಳಗಳು, ಅವುಗಳ ಅರ್ಥವೂ ಬೇರೆ. ಹೆಂಡತಿಯ ಜೊತೆ ಚೆನ್ನಾಗಿ ಸಂಸಾರ ಮಾಡಿಕೊಂಡು, ಗಟ್ಟಿಮುಟ್ಟಾಗಿ ಇದ್ದೂ ವೀರ್ಯದಲ್ಲಿ ವೀರ್ಯಾಣು ಇಲ್ಲದ ಗಂಡಸಿಗೆ ನಮ್ಮ ಭಾಷೆಯಲ್ಲಿ ಮರ್ಯಾದೆಯ ಒಂದು ಪದವಿಲ್ಲ. ಪದವೇ ಇಲ್ಲದ ಮೇಲೆ ಅಂಥವನೂ ಇರಬಹುದು ಅನ್ನೋ ಯೋಚನೆ ಮನೆಯವರ ತಲೆಗೆ ಎಲ್ಲಿಂದ ಬರಬೇಕು?

ಹಾಗಾಗಿ ಮದುವೆಯಾಗಿ ಎರಡು ವರ್ಷ ಕಳೀತು ಅಂದ್ರೆ ಎಲ್ಲರ ಕಣ್ಣೂ ಸೊಸೆಯ ಹೊಟ್ಟೆಯ ಮೇಲೆಯೇ. ನಾಗಪ್ರತಿಷ್ಠೆ ಆಗುತ್ತೆ, ಆಶ್ಲೇಷಾ ಬಲಿ ಆಗುತ್ತೆ, ಅಶ್ವತ್ಥಕಟ್ಟೆ ಸುತ್ತೋದು ಆಗುತ್ತೆ. ನಂಬಿಕೆ ಇದ್ದವರು ಮಾಡಲಿ, ನನ್ನ ತಕರಾರಿಲ್ಲ. ಆಮೇಲೆ ಆಸ್ಪತ್ರೆ. ಅಲ್ಲಿಯೂ ಮೊದಲು ಹೆಸರು ಬರೆಸೋದು ಅವಳದೇ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳ ತೆರೆದಿದೆಯಾ ಅಂತ ಬಣ್ಣದ ದ್ರವ ಹಾಕಿ ತೆಗೆಯೋ ಎಕ್ಸ್‌ರೇ (ಮಾಡಿಸಿಕೊಂಡವರಿಗೆ ಗೊತ್ತು ಆ ನೋವು), ಅದೂ ಸಾಲದೆ ಲ್ಯಾಪರೋಸ್ಕೋಪಿ. ಇಷ್ಟೆಲ್ಲ ಮುಗಿದ ಮೇಲೆ ಡಾಕ್ಟರು ನಿಧಾನಕ್ಕೆ, "ನಿಮ್ಮ ಯಜಮಾನರದ್ದೂ ಒಂದು ಟೆಸ್ಟ್ ಮಾಡಿಸೋಣ್ವಾ?" ಅಂತಾರೆ. ಕೆಲವೇ ನೂರು ರೂಪಾಯಿಯ, ಸೂಜಿ ಚುಚ್ಚದ, ನೋವೇ ಇಲ್ಲದ ಪರೀಕ್ಷೆ ಅದು. ಮೊದಲ ದಿನವೇ ಆಗಬೇಕಾದದ್ದು ಕೊನೆಗೆ ಬರುತ್ತೆ.

ಸಲಹೆ ಕೇಳಿ ಬರುವ ಪತ್ರಗಳಲ್ಲಿ ಇಂಥವು ಬೇಕಾದಷ್ಟಿರುತ್ತವೆ. ಈ ಬಾರಿ ಒಬ್ಬ ಓದುಗರು ಬರೆದದ್ದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಮದುವೆಯಾಗಿ ಏಳು ವರ್ಷ. ಗಂಡನ ವರದಿಯಲ್ಲಿ ವೀರ್ಯಾಣು ಸಂಖ್ಯೆಯ ಎದುರು 'ನಿಲ್' ಅಂತ ಬಂದಿದೆ. ಗಂಡ ಕೈಮುಗಿದು, "ಅಮ್ಮನಿಗೆ ಹೇಳಬೇಡ" ಅಂದಿದ್ದಾರೆ. ಈಕೆ ಹೇಳಿಲ್ಲ. ಅತ್ತೆ ಈಗಲೂ ಬಂದವರೆದುರು ಸೊಸೆಯ ಗರ್ಭಕೋಶದ ಬಗ್ಗೆಯೇ ಮಾತಾಡ್ತಾರೆ, ನಾದಿನಿಯ ಸೀಮಂತದಲ್ಲಿ ಆರತಿ ತಟ್ಟೆ ಮುಟ್ಟಬೇಡ ಅಂದ್ರಂತೆ. "ನಮ್ಮವರು ಒಳ್ಳೆಯವರು ಮೇಡಂ, ಆದ್ರೆ ನಾನು ಎಷ್ಟು ದಿನ ಹೀಗೆ?" ಅಂತ ಕೇಳಿದ್ದಾರೆ. ಉತ್ತರಕ್ಕೆ ಬರ್ತೀನಿ. ಅದಕ್ಕೂ ಮುಂಚೆ 'ನಿಲ್' ಅಂದ್ರೆ ಏನು, ಯಾಕಾಗುತ್ತೆ ಅನ್ನೋದು ನಮಗೆಲ್ಲ ತಿಳಿದಿರಬೇಕು. ತಿಳಿಯದೇ ಇರೋದರಿಂದಲೇ ಅರ್ಧ ಅವಮಾನ ಹುಟ್ಟೋದು.

ಮಕ್ಕಳಾಗದಿರೋದು ಅಪರೂಪದ ಸಂಗತಿಯೇನಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಇದನ್ನು ಎದುರಿಸ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಇಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತೆ, ಒಂಟಿಯಾಗಿಯೋ ಹೆಂಡತಿಯ ಕಾರಣದ ಜೊತೆಗೋ. ವೀರ್ಯದಲ್ಲಿ ವೀರ್ಯಾಣು ಪೂರ್ತಿ ಇಲ್ಲದಿರುವುದನ್ನು ವೈದ್ಯರು ಅಜೂಸ್ಪರ್ಮಿಯಾ ಅಂತಾರೆ. ನೂರು ಗಂಡಸರಲ್ಲಿ ಸುಮಾರು ಒಬ್ಬರಿಗೆ ಹೀಗಿರುತ್ತೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನೂರು ಮನೆ ಇದ್ರೆ ಲೆಕ್ಕ ಹಾಕಿಕೊಳ್ಳಿ.

ವೀರ್ಯಾಣು ತಯಾರಾಗೋದು ಒಂದು ದೊಡ್ಡ ಅಡುಗೆ. ಹುಡುಗ ಪ್ರಾಯಕ್ಕೆ ಬಂದಾಗ ಹೊತ್ತಿಸಿದ ಒಲೆ ಮುದುಕನಾದರೂ ಆರೋದಿಲ್ಲ. ಒಂದೊಂದು ವೀರ್ಯಾಣು ಸಿದ್ಧವಾಗೋಕೆ ಸುಮಾರು 74 ದಿನ ಬೇಕು. ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪು ಇರಬೇಕು, ಅದಕ್ಕೇ ವೃಷಣಗಳು ಹೊಟ್ಟೆಯೊಳಗಿರದೆ ಹೊರಗೆ ಇಳಿಬಿದ್ದಿರೋದು. ಈ ಅಡುಗೆಯಲ್ಲಿ ತುಂಬ ನಾಜೂಕಿನ ಹಂತ ಒಂದಿದೆ. ನಮ್ಮ ಜೀವಕೋಶದಲ್ಲಿ 46 ವರ್ಣತಂತುಗಳು, ಅಂದ್ರೆ 23 ಜೋಡಿ. ವೀರ್ಯಾಣುವಿಗೆ ಹೋಗಬೇಕಾದದ್ದು ಅದರಲ್ಲಿ ಅರ್ಧ, 23 ಮಾತ್ರ. ಅರ್ಧ ಮಾಡೋ ಮುಂಚೆ ಪ್ರತಿಯೊಂದು ವರ್ಣತಂತೂ ತನ್ನ ಜೊತೆಗಾರನನ್ನು ಹುಡುಕಿ ಪಕ್ಕದಲ್ಲಿ ನಿಲ್ಲಬೇಕು, ಕೋಲಾಟದಲ್ಲಿ ನಿಲ್ಲುವ ಹಾಗೆ. ಒಬ್ಬರಿಗೆ ಜೋಡಿ ಸಿಗಲಿಲ್ಲ ಅಂದ್ರೆ ಆಟ ಅಲ್ಲಿಗೇ ನಿಂತುಬಿಡುತ್ತೆ, ಆ ಕೋಶ ಮುಂದೆ ಬೆಳೆಯದೆ ಸಾಯುತ್ತೆ.

ಹೇಸರಗತ್ತೆಗೆ ಯಾಕೆ ಮರಿ ಆಗಲ್ಲ ಅಂತ ಅಜ್ಜಿಯನ್ನು ಕೇಳಿದ್ರೆ "ಅದರ ಹಣೆಬರಹ" ಅಂತಿದ್ರು. ಹಣೆಬರಹವಲ್ಲ, ಲೆಕ್ಕ! ಕುದುರೆಗೆ 64 ವರ್ಣತಂತು, ಕತ್ತೆಗೆ 62. ಎರಡರ ಮಗುವಾದ ಹೇಸರಗತ್ತೆಗೆ 63. ಬೆಸ ಸಂಖ್ಯೆ, ಅದೂ ಒಂದಕ್ಕೊಂದು ಸರಿಯಾಗಿ ಹೊಂದದ ಎರಡು ಗುಂಪು. ಭಾರ ಹೊರೋದರಲ್ಲಿ ಅಪ್ಪ ಅಮ್ಮನನ್ನೇ ಮೀರಿಸುವ ಪ್ರಾಣಿ, ಕೋಲಾಟಕ್ಕೆ ಮಾತ್ರ ಜೋಡಿ ಇಲ್ಲ. ಮೈಯ ಶಕ್ತಿಗೂ ಸಂತಾನಶಕ್ತಿಗೂ ಸಂಬಂಧವಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಬೆಕ್ಕು ಸಾಕಿದವರಿಗೆ ಇನ್ನೊಂದು ವಿಚಿತ್ರ ಗೊತ್ತಿರುತ್ತೆ. ಕಪ್ಪು, ಕಿತ್ತಳೆ, ಬಿಳಿ ಮೂರೂ ಬಣ್ಣ ಇರೋ ಬೆಕ್ಕು ಹೆಚ್ಚೂ ಕಡಿಮೆ ಯಾವಾಗಲೂ ಹೆಣ್ಣೇ. ಕಿತ್ತಳೆ ಬಣ್ಣದ ಜೀನ್ ಇರೋದು ಎಕ್ಸ್ ವರ್ಣತಂತುವಿನಲ್ಲಿ. ಕಪ್ಪು ಕಿತ್ತಳೆ ಎರಡೂ ಬರಬೇಕು ಅಂದ್ರೆ ಎರಡು ಎಕ್ಸ್ ಬೇಕು. ಎಲ್ಲೋ ಸಾವಿರಾರರಲ್ಲಿ ಒಂದು ಗಂಡು ಬೆಕ್ಕು ಹೀಗೆ ಹುಟ್ಟಿದ್ರೆ ಅದಕ್ಕೆ ಎಕ್ಸ್ ಎಕ್ಸ್ ವೈ ಅಂತ ಮೂರು ಇರುತ್ತೆ, ಅದಕ್ಕೆ ಮರಿ ಆಗೋದಿಲ್ಲ. ಮನುಷ್ಯರಲ್ಲೂ ಇದೇ ಸ್ಥಿತಿ ಇದೆ. 1942ರಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ಎಂಬ ಅಮೆರಿಕದ ವೈದ್ಯರು ಅದನ್ನು ವಿವರಿಸಿದ್ರು. ಕಾರಣ ಒಂದು ಹೆಚ್ಚುವರಿ ಎಕ್ಸ್ ಅಂತ ಗೊತ್ತಾಗಿದ್ದು 1959ರಲ್ಲಿ. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬರಿಗೆ ಹೀಗಿರುತ್ತೆ. ಎಷ್ಟೋ ಜನಕ್ಕೆ ಮದುವೆಯಾಗಿ ಮಕ್ಕಳಾಗದೆ ಪರೀಕ್ಷೆಗೆ ಹೋಗುವವರೆಗೂ ಗೊತ್ತೇ ಇರಲ್ಲ. ಓದಿರ್ತಾರೆ, ಕೆಲಸದಲ್ಲಿರ್ತಾರೆ, ಗಡ್ಡ ಸ್ವಲ್ಪ ತೆಳು ಇರಬಹುದು, ಅಷ್ಟೇ.

ಇನ್ನು ವೈ ವರ್ಣತಂತುವಿನ ಕತೆ. ಹೆಣ್ಣು ಹೆರಲಿ ಗಂಡು ಹೆರಲಿ ಅದಕ್ಕೆ ಅಮ್ಮ ಕಾರಣಳಲ್ಲ, ತಂದೆಯಿಂದ ಬರುವ ಎಕ್ಸ್ ಅಥವಾ ವೈ ಕಾರಣ ಅಂತ ನಾವೀಗ ಸುಲಭವಾಗಿ ಹೇಳ್ತೀವಲ್ಲ, ಈ ತಿಳಿವಳಿಕೆಗೆ ದಾರಿ ಮಾಡಿದ್ದು 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಹೆಂಗಸು. ಆಕೆ ನೋಡಿದ್ದು ಹಿಟ್ಟಿಗೆ ಬೀಳೋ ಒಂದು ಜಾತಿಯ ಹುಳುವಿನ ವೀರ್ಯಾಣುಗಳನ್ನು! ನಾವು ಜರಡಿ ಹಿಡಿದು ಬಿಸಾಕೋ ಹುಳುವಿನಲ್ಲಿ ಆಕೆಗೆ ಇಷ್ಟು ದೊಡ್ಡ ಸತ್ಯ ಕಂಡಿತು.

ಗಂಡಾಗಿ ಹುಟ್ಟೋದೇ ಬೇರೆ, ತಂದೆಯಾಗೋದೇ ಬೇರೆ ಅನ್ನೋದಕ್ಕೆ 1991ರ ಒಂದು ಪ್ರಯೋಗ ಹೇಳಬೇಕು. ಗರ್ಭದಲ್ಲಿ ಮಗುವನ್ನು ಗಂಡಾಗಿ ತಿರುಗಿಸುವ ಜೀನ್ ವೈನಲ್ಲಿದೆ, ಎಸ್‌ಆರ್‌ವೈ ಅಂತ ಅದರ ಹೆಸರು. ಲಂಡನ್ನಿನ ವಿಜ್ಞಾನಿಗಳು ಇಲಿಯ ಆ ಒಂದೇ ಜೀನನ್ನು ಎರಡು ಎಕ್ಸ್ ಇರುವ ಇಲಿಭ್ರೂಣಕ್ಕೆ ಸೇರಿಸಿದ್ರು. ಹೆಣ್ಣಾಗಬೇಕಿದ್ದದ್ದು ಗಂಡಾಗಿ ಹುಟ್ಟಿತು, ಗಂಡಿನ ಹಾಗೇ ನಡೆದುಕೊಂಡಿತು, ಹೆಣ್ಣಿಲಿಗಳ ಜೊತೆ ಕೂಡಿತು ಕೂಡ. ಆದರೆ ಅದರಲ್ಲಿ ವೀರ್ಯಾಣು ಇರಲಿಲ್ಲ. ವೀರ್ಯಾಣು ಮಾಡಲು ಬೇಕಾದ ವೈನ ಉಳಿದ ಜೀನ್‌ಗಳು ಅದಕ್ಕೆ ಸಿಕ್ಕಿರಲಿಲ್ಲ, ಜೊತೆಗೆ ಎರಡನೇ ಎಕ್ಸ್ ಕೂಡ ಅಡ್ಡಿಯಾಗಿತ್ತು.

ಮನುಷ್ಯರ ವೈನಲ್ಲಿ ಆ ಉಳಿದ ಜೀನ್‌ಗಳು ಎಲ್ಲಿವೆ ಅಂತ ಮೊದಲ ಸುಳಿವು ಕೊಟ್ಟವರು ಇಟಲಿಯ ಟಿಯೆಪೊಲೊ ಮತ್ತು ಜುಫಾರ್ಡಿ, 1976ರಲ್ಲಿ. ವೀರ್ಯಾಣು ಇಲ್ಲದ ಆರು ಗಂಡಸರ ವೈನಲ್ಲಿ ಉದ್ದದ ತೋಳಿನ ತುದಿ ಮುರಿದುಹೋಗಿತ್ತು. ಈಗ ಆ ಜಾಗವನ್ನು ಎ, ಬಿ, ಸಿ ಅಂತ ಮೂರು ಭಾಗ ಮಾಡಿದ್ದಾರೆ. ಒಟ್ಟಿಗೆ ಎಜಡ್‌ಎಫ್ ಅಂತಾರೆ, ವರದಿಯಲ್ಲಿ ಈ ಹೆಸರು ಕಂಡರೆ ಗಾಬರಿಯಾಗಬೇಡಿ. ಸಿ ಭಾಗದಲ್ಲಿರುವ ಒಂದು ಮುಖ್ಯ ಜೀನ್ ಗುಂಪಿಗೆ 1995ರಲ್ಲಿ 'ಡ್ಯಾಜ್' ಅಂತ ಹೆಸರಿಟ್ಟರು.

ಈ ತುಂಡುಗಳು ಯಾಕೆ ಕಳೆದುಹೋಗ್ತವೆ ಗೊತ್ತಾ? ವಿಕಟಕವಿ ಅನ್ನೋ ಪದವನ್ನು ಹಿಂದಿನಿಂದ ಓದಿದ್ರೂ ವಿಕಟಕವಿಯೇ. 'ಕುಬೇರನಿಗೇನಿರಬೇಕು' ಕೂಡ ಹಾಗೇ, ಮಕ್ಕಳಿಗೆ ಹೇಳಿಕೊಟ್ಟಿರ್ತೀರಿ. ವೈ ವರ್ಣತಂತುವಿನ ಬರಹವನ್ನು 2003ರಲ್ಲಿ ಅಮೆರಿಕದ ಡೇವಿಡ್ ಪೇಜ್ ಮತ್ತು ಸಂಗಡಿಗರು ಓದಿದಾಗ ಅದರಲ್ಲಿ ಇಂಥ ಎಂಟು ದೊಡ್ಡ ವಿಕಟಕವಿಗಳು ಸಿಕ್ಕವು. ವೈಗೆ ಜೋಡಿ ಇಲ್ಲವಲ್ಲ, ಒಂಟಿ ಜೀವ. ತಪ್ಪಾದರೆ ನೋಡಿ ತಿದ್ದಿಕೊಳ್ಳೋಕೆ ಎದುರು ಪ್ರತಿ ಇಲ್ಲ. ಅದಕ್ಕೆ ತನ್ನೊಳಗೇ ಮಡಚಿಕೊಂಡು, ಒಂದು ಬದಿಯನ್ನು ನೋಡಿ ಇನ್ನೊಂದು ಬದಿ ಸರಿಮಾಡಿಕೊಳ್ಳುತ್ತೆ. ಜಾಣತನವೇ. ಆದರೆ ಒಂದೇ ಥರದ ಸಾಲುಗಳು ಅಲ್ಲಲ್ಲಿ ಇರೋದರಿಂದ ಕೆಲವೊಮ್ಮೆ ತಪ್ಪು ಜಾಗಕ್ಕೆ ಅಂಟಿಕೊಂಡು ಮಧ್ಯದ ತುಂಡು ಪೂರ್ತಿ ಉದುರಿಹೋಗುತ್ತೆ. ಸ್ವೆಟರ್ ಹೆಣೆಯುವಾಗ ಸಾಲು ತಪ್ಪಿ ಹತ್ತು ಹೊಲಿಗೆ ಬಿಟ್ಟುಹೋದ ಹಾಗೆ.

ಇದು ಹೆಚ್ಚಿನ ಪಾಲು ಹೊಸದಾಗಿ ಆಗುವ ತಪ್ಪು. ಮಾವನವರ ವೈ ಸರಿಯಾಗಿಯೇ ಇರುತ್ತೆ (ಇಲ್ಲದಿದ್ದರೆ ನಿಮ್ಮ ಯಜಮಾನರು ಹುಟ್ಟುತ್ತಲೇ ಇರಲಿಲ್ಲವೇನೋ), ಅದು ಮಗನಿಗೆ ಹೋಗುವ ದಾರಿಯಲ್ಲಿ ತುಂಡಾಗಿರುತ್ತೆ. ಕ್ಲೈನ್‌ಫೆಲ್ಟರ್‌ನ ಹೆಚ್ಚುವರಿ ಎಕ್ಸ್ ಕೂಡ ಸುಮಾರು ಅರ್ಧ ಜನಕ್ಕೆ ಅಮ್ಮನಿಂದ, ಅರ್ಧ ಜನಕ್ಕೆ ಅಪ್ಪನಿಂದ ಬಂದಿರುತ್ತೆ. ಯಾರೂ ಬೇಕಂತ ಕೊಟ್ಟದ್ದಲ್ಲ. ಸೊಸೆಯ ಮೇಲಿದ್ದ ದೂರನ್ನು ಈಗ ಅತ್ತೆಯ ಮೇಲೆ ಹಾಕಿಬಿಡೋಣ ಅಂತ ಯಾರಿಗಾದರೂ ಅನಿಸಿದ್ರೆ, ಬೇಡ. ಅದೂ ಒಬ್ಬ ಹೆಂಗಸಿನ ತಲೆಗೇ ಕಟ್ಟಿದ ಹಾಗೆ.

ನಮ್ಮ ದೇಶದಲ್ಲೂ ಈ ಬಗ್ಗೆ ಒಳ್ಳೆಯ ಕೆಲಸ ನಡೆದಿದೆ. ಹೈದರಾಬಾದಿನ ಸಿಸಿಎಂಬಿಯಲ್ಲಿ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಅವರ ತಂಡ ವೀರ್ಯಾಣು ಇಲ್ಲದ ಭಾರತೀಯ ಗಂಡಸರ ವೈ ಪರೀಕ್ಷಿಸಿ 2003ರಲ್ಲಿ ವರದಿ ಮಾಡಿತು. ನೂರಕ್ಕೆ ಸುಮಾರು ಎಂಟು ಮಂದಿಯಲ್ಲಿ ವೈನ ತುಂಡುಗಳು ಕಳೆದುಹೋಗಿದ್ದವು. ಬರೀ ರಕ್ತದಿಂದ ಗೊತ್ತಾಗುವ ಪರೀಕ್ಷೆ ಇದು. ಕ್ಲೈನ್‌ಫೆಲ್ಟರ್ ಗೊತ್ತಾಗುವ ವರ್ಣತಂತು ಪರೀಕ್ಷೆಯೂ, ಅಂದ್ರೆ ಕ್ಯಾರಿಯೋಟೈಪ್, ರಕ್ತದಿಂದಲೇ.

ಸಂಖ್ಯೆ 'ನಿಲ್' ಅಥವಾ ತೀರಾ ಕಡಿಮೆ ಬಂದವರು ಈ ಎರಡು ಪರೀಕ್ಷೆ ಮಾಡಿಸದೆ ನೇರ ಲಕ್ಷಾಂತರ ರೂಪಾಯಿಯ ಚಿಕಿತ್ಸೆಗೆ ಸಹಿ ಹಾಕಬಾರದು ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ಯಾಕಂದ್ರೆ ಯಾವ ತುಂಡು ಹೋಗಿದೆ ಅನ್ನೋದರ ಮೇಲೆ ಮುಂದಿನ ದಾರಿ ನಿಂತಿದೆ. ಸಿ ಭಾಗ ಮಾತ್ರ ಹೋಗಿದ್ರೆ, ಸುಮಾರು ಅರ್ಧ ಜನರಲ್ಲಿ ವೃಷಣದೊಳಗಿಂದ ಸೂಕ್ಷ್ಮ ಶಸ್ತ್ರಚಿಕಿತ್ಸೆ ಮಾಡಿ ಒಂದಷ್ಟು ವೀರ್ಯಾಣು ಹುಡುಕಿ ತೆಗೆಯಬಹುದು. ಎ ಅಥವಾ ಬಿ ಪೂರ್ತಿ ಹೋಗಿದ್ರೆ ಎಷ್ಟು ಹುಡುಕಿದ್ರೂ ಸಿಗೋದಿಲ್ಲ ಅಂತಲೇ ವೈದ್ಯರ ಅನುಭವ, ಆಗ ಆ ಶಸ್ತ್ರಚಿಕಿತ್ಸೆಯೇ ವ್ಯರ್ಥ. ಕ್ಲೈನ್‌ಫೆಲ್ಟರ್ ಇದ್ದವರಲ್ಲೂ ಹತ್ತಕ್ಕೆ ನಾಲ್ಕರಷ್ಟು ಜನರಲ್ಲಿ ವೀರ್ಯಾಣು ಸಿಕ್ಕಿದೆ. ಹೀಗೆ ಸಿಕ್ಕ ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಸೇರಿಸುವ ಇಕ್ಸಿ ವಿಧಾನದಿಂದ ಮಕ್ಕಳಾದ ಸುದ್ದಿ ಬೆಲ್ಜಿಯಂನಿಂದ ಬಂದದ್ದು 1992ರಲ್ಲಿ. ಅದಕ್ಕೂ ಮುಂಚಿನವರಿಗೆ ಈ ಭಾಗ್ಯ ಇರಲಿಲ್ಲ. ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ: ವೈ ತುಂಡಾದ ಅಪ್ಪನಿಗೆ ಹೀಗೆ ಗಂಡುಮಗು ಹುಟ್ಟಿದ್ರೆ ಆ ಮಗನಿಗೂ ಅದೇ ವೈ ಹೋಗುತ್ತೆ. ಮಗು ಆರೋಗ್ಯವಾಗೇ ಇರುತ್ತೆ, ದೊಡ್ಡವನಾದ ಮೇಲೆ ಅಪ್ಪನ ತೊಂದರೆಯೇ ಅವನಿಗೂ ಬರುತ್ತೆ.

ಇನ್ನೊಂದು ಥರದ 'ನಿಲ್' ಇದೆ. ಕಾರ್ಖಾನೆ ಚೆನ್ನಾಗಿ ನಡೀತಿದೆ, ರಸ್ತೆಯೇ ಇಲ್ಲ. ವೀರ್ಯಾಣು ಹೊರಗೆ ಬರುವ ನಾಳ ಹುಟ್ಟಿನಿಂದಲೇ ಇರಲ್ಲ. ಇದಕ್ಕೆ ಬಹಳ ಸಲ ಸಿಎಫ್‌ಟಿಆರ್ ಎಂಬ ಜೀನ್ ಕಾರಣ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕಾರಣವಾದದ್ದೂ ಅದೇ ಜೀನ್. ಇಲ್ಲಿ ವೀರ್ಯಾಣು ತೆಗೆಯೋದು ಸುಲಭ. ಆದರೆ ಹೆಂಡತಿಯ ಆ ಜೀನನ್ನೂ ಪರೀಕ್ಷಿಸದೆ ಮುಂದುವರಿಯಬಾರದು, ಆಕೆಯಲ್ಲೂ ದೋಷ ಅಡಗಿದ್ರೆ ಮಗುವಿಗೆ ಕಾಯಿಲೆ ಬರಬಹುದು.

ಪೂರ್ತಿ ವಾಸಿ ಮಾಡಬಹುದಾದ ಜೀನ್ ತೊಂದರೆಯೂ ಇದೆ, ಇದನ್ನು ದಯವಿಟ್ಟು ಗಮನಿಸಿ. ನಿಮ್ಮವರಿಗೆ ಒಗ್ಗರಣೆ ಸೀದದ್ದು, ಮಲ್ಲಿಗೆ ಘಮ ಯಾವುದೂ ಹುಟ್ಟಿನಿಂದ ಗೊತ್ತಾಗಲ್ಲವೇ? ಜೊತೆಗೆ ಮೀಸೆ ಗಡ್ಡ ಸರಿಯಾಗಿ ಬಂದೇ ಇಲ್ಲವೇ? ಕಾಲ್‌ಮನ್ ಸಿಂಡ್ರೋಮ್ ಇರಬಹುದು. ವಾಸನೆ ತಿಳಿಸುವ ನರಗಳೂ, ಮಿದುಳಿನಿಂದ ವೃಷಣಕ್ಕೆ 'ಕೆಲಸ ಶುರುಮಾಡು' ಅಂತ ಹೇಳಿಸುವ ಕೋಶಗಳೂ ಗರ್ಭದಲ್ಲಿ ಒಂದೇ ದಾರಿಯಲ್ಲಿ ಸಾಗ್ತವೆ, ಹಾಗಾಗಿ ಎರಡೂ ಒಟ್ಟಿಗೆ ತಪ್ಪುತ್ತವೆ. ಹಾರ್ಮೋನು ಇಂಜೆಕ್ಷನ್ ತಿಂಗಳುಗಟ್ಟಲೆ ಕೊಟ್ಟರೆ ಇಂಥವರಲ್ಲಿ ಬಹಳ ಜನಕ್ಕೆ ವೀರ್ಯಾಣು ಬರುತ್ತೆ, ಸಹಜವಾಗಿಯೇ ಮಕ್ಕಳಾಗಿವೆ.

ಸೋದರಸಂಬಂಧದ ಮದುವೆ ನಮ್ಮಲ್ಲಿ ಬಹಳ. ಮಕ್ಕಳಾಗದಿದ್ರೆ "ಅತ್ತೆ ಮಗನನ್ನೇ ಮಾಡಿಕೊಂಡೆಯಲ್ಲ, ಅದಕ್ಕೇ" ಅಂತಾರೆ. ಇಲ್ಲಿ ಲೆಕ್ಕ ಬೇರೆ. ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ದೋಷದ ಜೀನ್ ಬಂದರೆ ಮಾತ್ರ ತೊಂದರೆ ಕೊಡುವ ಜೀನ್‌ಗಳು ಕೆಲವಿವೆ. ಉದಾಹರಣೆಗೆ ಡಿಪಿವೈ19ಎಲ್2 ಎಂಬ ಜೀನ್ ಹಾಳಾದ್ರೆ ವೀರ್ಯಾಣುವಿನ ತಲೆ ಚೂಪಾಗಿರದೆ ಗೋಲಿಯ ಹಾಗೆ ದುಂಡಗಾಗುತ್ತೆ, ಅಂಡಾಣುವಿನೊಳಗೆ ನುಗ್ಗಲಾರದು. ಹಾಗಾಗಿ ಡಾಕ್ಟರಿಗೆ ತಿಳಿಸಬೇಕಾದದ್ದು ನೀವಿಬ್ಬರೂ ಸಂಬಂಧಿಕರಾ ಅನ್ನೋದಕ್ಕಿಂತ ಮೊದಲು, ನಿಮ್ಮ ಅತ್ತೆ ಮಾವ ಸಂಬಂಧದಲ್ಲೇ ಮದುವೆಯಾದವರಾ ಅನ್ನೋದು.

ಜೀನ್ ಬಿಟ್ಟು ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಇಲ್ಲಿ ಹೇಳೋಕೆ ಜಾಗವಿಲ್ಲ. ಜಿಮ್ಮಿಗೆ ಹೋಗೋ ಹುಡುಗರು ಮೈ ಬೆಳೆಸೋಕೆ ತಗೊಳ್ಳೋ ಟೆಸ್ಟೋಸ್ಟೆರಾನ್, ಸ್ಟೆರಾಯ್ಡ್ ಇಂಜೆಕ್ಷನ್ ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡಬಹುದು. ಗಂಡಸುತನ ಹೆಚ್ಚಿಸೋಕೆ ಹೋಗಿ ಅಪ್ಪನಾಗೋ ಶಕ್ತಿ ಕಳಕೊಳ್ಳೋದು! ತಮ್ಮಂದಿರು, ಮೈದುನರು ಇದ್ರೆ ಕಿವಿಮಾತು ಹೇಳಿ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಬರೆದಿರ್ತಾರಲ್ಲ, ಗುಪ್ತರೋಗ ತಜ್ಞರು ಅಂತ, ಅವರ ಲೇಹ್ಯ ಪುಡಿಗೆ ಬಂಗಾರ ಅಡವಿಟ್ಟವರೂ ಇದ್ದಾರೆ. ಉದುರಿಹೋದ ವೈ ತುಂಡನ್ನು ಯಾವ ಲೇಹ್ಯವೂ ಹೊಲಿಯಲಾರದು.

ಪರೀಕ್ಷೆ ಮಾಡಿಸೋದಾದ್ರೆ ಹೀಗೆ. ಎರಡರಿಂದ ಏಳು ದಿನ ಸೇರದೆ ಇದ್ದು ಮಾದರಿ ಕೊಡಬೇಕು. ಆಸ್ಪತ್ರೆಯಲ್ಲಿ ಸಂಕೋಚವಾದ್ರೆ ಮನೆಯಿಂದ ತರಬಹುದು, ಗಂಟೆಯೊಳಗೆ, ಮೈಶಾಖದಲ್ಲಿ ಇಟ್ಟುಕೊಂಡು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಒಂದು ಮಿಲಿಲೀಟರಿಗೆ 160 ಲಕ್ಷ ವೀರ್ಯಾಣು ಕೆಳಗಿನ ಅಂಚು. ಅದಕ್ಕಿಂತ ಕಡಿಮೆ ಬಂದವರಿಗೂ ಮಕ್ಕಳಾಗಿವೆ. ಒಂದೇ ವರದಿ ನೋಡಿ ಕಣ್ಣೀರು ಹಾಕಬೇಡಿ. ಎರಡು ತಿಂಗಳ ಹಿಂದೆ ಜೋರು ಜ್ವರ ಬಂದಿದ್ರೂ ಈಗ ಸಂಖ್ಯೆ ಇಳಿದಿರುತ್ತೆ, 74 ದಿನದ ಲೆಕ್ಕ ನೆನಪಿದೆಯಲ್ಲ? ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ.

ಹೆಸರಘಟ್ಟದಲ್ಲಿ ಹೋರಿಗಳ ವೀರ್ಯವನ್ನು ಶೈತ್ಯೀಕರಿಸಿ ಇಡುವ ಕೇಂದ್ರಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡದೆ ಒಂದು ಹನಿಯನ್ನೂ ಹಳ್ಳಿಗೆ ಕಳಿಸಲ್ಲ. ಹಸು ಗಬ್ಬ ಕಟ್ಟಲಿಲ್ಲ ಅಂದ್ರೆ ಹೋರಿಯನ್ನೂ ಅನುಮಾನಿಸಬೇಕು ಅನ್ನೋದು ದನ ಸಾಕುವವರಿಗೆ ಗೊತ್ತು. ಅಳಿಯನ ವಿಷಯದಲ್ಲಿ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತೋ!

ಈಗ ಪತ್ರ ಬರೆದ ಸೋದರಿಗೆ. ಗಂಡನ ಗುಟ್ಟು ಕಾಪಾಡಿದ್ದು ನಿಮ್ಮ ದೊಡ್ಡ ಗುಣ. ಆದರೆ ಗುಟ್ಟು ಕಾಪಾಡೋದು ಬೇರೆ, ಆ ಗುಟ್ಟಿಗಾಗಿ ನೀವು ಬೈಸಿಕೊಳ್ಳೋದು ಬೇರೆ. ಮೊದಲು ನಿಮ್ಮವರನ್ನು ಕೂರಿಸಿ ಈ ಲೇಖನ ಓದಿಸಿ, ಇದು ಗಂಡಸುತನದ ಪ್ರಶ್ನೆಯಲ್ಲ ಅಂತ ಅವರ ಮನಸ್ಸಿಗೆ ಮೊದಲು ಬರಲಿ. ಆಮೇಲೆ ಅಮ್ಮನಿಗೆ ಹೇಳಬೇಕಾದವರು ಅವರೇ, ನೀವಲ್ಲ. ಎಲ್ಲ ವಿವರ ಬೇಕಿಲ್ಲ. "ಅಮ್ಮಾ, ತೊಂದರೆ ಇರೋದು ನನ್ನಲ್ಲಿ, ಡಾಕ್ಟರು ಹೇಳಿದ್ದಾರೆ, ಅವಳನ್ನು ಏನೂ ಅನ್ನಬೇಡ" ಅಂದ್ರೆ ಸಾಕು. ಅಷ್ಟನ್ನೂ ಹೇಳಲಾರೆ ಅಂದ್ರೆ, ಆರತಿ ತಟ್ಟೆಯ ವಿಷಯ ಬಂದಾಗ ಪಕ್ಕದಲ್ಲಿ ನಿಂತು ಅಮ್ಮನ ಮಾತು ನಿಲ್ಲಿಸಲಿ. ಅದನ್ನೂ ಮಾಡದಿದ್ರೆ ಸತ್ಯ ಹೇಳುವ ಹಕ್ಕು ನಿಮಗಿದೆ ಅಂತ ನಾನು ತಿಳೀತೀನಿ.

ವೀರ್ಯಾಣು ಸಿಗದೇ ಹೋದರೆ ದಾನಿಯ ಮಾತು ಬರುತ್ತೆ. 2021ರ ಕಾಯ್ದೆ ಪ್ರಕಾರ ಲಿಖಿತ ಒಪ್ಪಿಗೆ ಇಲ್ಲದೆ ಆಸ್ಪತ್ರೆ ಈ ಚಿಕಿತ್ಸೆ ಮಾಡುವಂತಿಲ್ಲ. ಹುಟ್ಟಿದ ಮಗು ಕಾನೂನಿನ ಕಣ್ಣಲ್ಲಿ ನಿಮ್ಮಿಬ್ಬರದೇ, ಎಲ್ಲ ಹಕ್ಕೂ ಅದಕ್ಕಿರುತ್ತೆ. "ಅವರಿಗೆ ತಿಳಿಸೋದು ಬೇಡ, ನಾವು ನೋಡಿಕೊಳ್ತೀವಿ" ಅಂತ ಯಾರಾದರೂ ಪಿಸುಗುಟ್ಟಿದ್ರೆ ಅಲ್ಲಿಂದ ಎದ್ದು ಬನ್ನಿ. ದತ್ತು ತಗೊಳ್ಳೋ ಯೋಚನೆ ಇದ್ರೆ ಹೆಸರು ಬೇಗ ನೋಂದಾಯಿಸಿ, ಕಾಯುವವರ ಸಾಲು ಉದ್ದ ಇದೆ. ಅದಕ್ಕೂ ಮುಂಚೆ ಆ ಎರಡು ರಕ್ತ ಪರೀಕ್ಷೆಯ ವರದಿ ಕೈಗೆ ಬರಲಿ. ಜೆನೆಟಿಕ್ ಕೌನ್ಸೆಲಿಂಗ್ ಇರುವ ಆಸ್ಪತ್ರೆಗೆ ಇಬ್ಬರೂ ಒಟ್ಟಿಗೆ ಹೋಗಿ, ಚೀಟಿಯಲ್ಲಿ ಮೊದಲ ಹೆಸರು ಅವರದ್ದು ಬರೆಸಿ.